ಗೊತ್ತಿದ್ದವರು ಇಬ್ಬರು

“ಸಂಬಂಧಿಕರು ನಡ್ಯಂಗಿಲ್ರಿ ಸರ್,” ಎಂದಳು ಬ್ಯಾಂಕಿನ ಫರಹತ, ಕಂಪ್ಯೂಟರಿನಿಂದ ಕಣ್ಣು ತೆಗೆಯದೆ. “ಹೊರಗಿನವರು ಬೇಕು. ನಿಮ್ಮನ್ನ ಚಲೋ ಗೊತ್ತಿದ್ದವರು. ಇಬ್ಬರು.”

ಧೀರೇಂದ್ರ ಕುರ್ಚಿಯಲ್ಲಿ ತುಸು ಮುಂದೆ ಸರಿದ. ಈ ಒಂದು ಪ್ರಶ್ನೆಗೆ ಅವನು ತಯಾರಾಗಿ ಬಂದಿರಲಿಲ್ಲ.

ಉಳಿದ ಎಲ್ಲದಕ್ಕೂ ಬಂದಿದ್ದ. ಇಂಡಿ ಊರಿನಲ್ಲಿ ಸಾಲ ಕೊಡುವ ಮೂರು ಕಡೆಯ ಲೆಕ್ಕ ಅವನ ಬಾಯಲ್ಲೇ ಇತ್ತು. ಸರಕಾರಿ ಬ್ಯಾಂಕಿನಲ್ಲಿ ಬಡ್ಡಿ ಕಡಿಮೆ, ಆದರೆ ಪಗಾರ ಅಲ್ಲಿಯೇ ಜಮಾ ಆಗುತ್ತಿರಬೇಕು. ಬಸ್‌ಸ್ಟ್ಯಾಂಡ್ ಎದುರಿನ ಫೈನಾನ್ಸಿನವರು ಏನೂ ಕೇಳದೆ ಕೊಡುತ್ತಾರೆ; ಕೇಳುವುದೆಲ್ಲ ಆಮೇಲೆ. ಈ ಖಾಸಗಿ ಬ್ಯಾಂಕಿನ ಬಡ್ಡಿ ನಡುವಿನದು, ಪ್ರೊಸೆಸಿಂಗ್ ಫೀ ಜಾಸ್ತಿ, ಅವಧಿಗೆ ಮೊದಲೇ ತೀರಿಸಿದರೆ ದಂಡವಿಲ್ಲ. ಬಡ್ಡಿ ಕಡಿಮೆಯಿದ್ದರೆ ಸಾಲ ಅಗ್ಗ ಎಂದು ತಿಳಿಯುವವರನ್ನು ಕಂಡರೆ ಅವನಿಗೆ ಮರುಕ. ಫೀ, ವಿಮೆ ಎಲ್ಲ ಕೂಡಿಸಿ ನೋಡಬೇಕು. ಅವನು ಕೂಡಿಸಿದ್ದ. ಪದವಿ ಕಾಲೇಜಿನಲ್ಲಿ ಅರ್ಥಶಾಸ್ತ್ರ ಹೇಳುವವನು ಅಷ್ಟೂ ಮಾಡದಿದ್ದರೆ ಹೇಗೆ.

ಅರ್ಹತೆಯ ಮಾತಂತೂ ಮುಗಿದೇ ಹೋಗಿತ್ತು. ಕೈಗೆ ಬರುವ ಪಗಾರದ ಅರ್ಧದೊಳಗೆ ಎಲ್ಲ ಕಂತುಗಳೂ ಅಡಗಬೇಕು. ಅವನಿಗೆ ಒಂದು ಕಂತೂ ಇರಲಿಲ್ಲ. ಕ್ರೆಡಿಟ್ ಸ್ಕೋರು ಏಳುನೂರ ಎಂಬತ್ತೊಂದು, ಹಿಂದೊಮ್ಮೆ ಸ್ಕೂಟರಿನ ಸಾಲ ತಪ್ಪದೆ ಕಟ್ಟಿದ್ದರ ಫಲ. ಆ ಅಂಕಿ ಮೊಬೈಲಿನಲ್ಲಿ ಕಂಡ ದಿನ ನಾಚಿಕೆಯಾಗುವಷ್ಟು ಖುಷಿಯಾಗಿತ್ತು. ಯಾರೋ ಎಲ್ಲೋ ಕುಳಿತು, ಮುಖವನ್ನೂ ನೋಡದೆ, ತನ್ನನ್ನು ಒಳ್ಳೆಯವನೆಂದು ತೀರ್ಮಾನಿಸಿದ್ದರು.

“ಜಾಮೀನು ಬೇಕೇನು?”

“ಜಾಮೀನಲ್ರಿ. ಸಹಿ ಗಿಹಿ ಏನಿಲ್ಲ. ನಮ್ಮ ಹೆಡ್ ಆಫೀಸಿನವರು ಇವತ್ತ ಫೋನ್ ಮಾಡ್ತಾರ, ಇವರು ಗೊತ್ತೇನು ಅಂತ ಕೇಳ್ತಾರ. ಗೊತ್ತು ಅಂದ್ರ ಮುಗೀತು, ನಾಳೆ ರೊಕ್ಕ ಜಮಾ.”

“ಗೊತ್ತಿಲ್ಲ ಅಂದ್ರ?”

ಫರಹತ ಈಗ ಅವನನ್ನು ನೋಡಿದಳು. “ಹಂಗ್ಯಾಕ ಅಂತಾರ್ರಿ? ಅಂದ್ರ ಫೈಲ್ ವಾಪಸ್ ಬರ್ತೈತಿ. ಆರು ತಿಂಗಳ ಮತ್ತ ಹಾಕಾಕ ಬರಂಗಿಲ್ಲ.”

“ಸ್ಕೋರ್ ಏಳುನೂರ ಎಂಬತ್ತೊಂದು ಅದ.”

“ಸ್ಕೋರ್ ಮಸ್ತ್ ಐತ್ರಿ ಸರ್. ಹೆಸರು ಹೇಳ್ರಿ.”

ಧೀರೇಂದ್ರ ಮೊಬೈಲು ತೆಗೆದು ಹೆಸರುಗಳ ಮೇಲೆ ಬೆರಳಾಡಿಸಿದ. ಗ್ಯಾಸ್. ಹಾಲು. ಲೈನ್‌ಮನ್. ಪ್ಲಾಟ್ ಏಜೆಂಟ್. ಪ್ರಿನ್ಸಿಪಾಲ್. ಕೆಲಸದ ಹೆಸರಿನಲ್ಲೇ ಎಲ್ಲರನ್ನೂ ಬರೆದಿಟ್ಟುಕೊಂಡಿದ್ದ. ಲೈನ್‌ಮನ್ನನ ನಿಜವಾದ ಹೆಸರೇನು ಎಂದು ಈಗ ಯೋಚಿಸಿದರೆ ಹೊಳೆಯಲಿಲ್ಲ.

ಬೇಕಾದದ್ದು ಎರಡು ಲಕ್ಷ ನಲವತ್ತು ಸಾವಿರ. ಹೆಂಡತಿ ಮೃಣಾಲಿನಿಯ ಎರಡೂ ಕಿವಿಗೆ ಮಷಿನ್ನು. ಎರಡು ವರ್ಷದಿಂದ ಅವಳ ಕಿವಿ ಮಂದವಾಗುತ್ತ ಬಂದು ಈಗ ಅವಳು ಮಾತನ್ನು ತುಟಿ ನೋಡಿಯೇ ಹಿಡಿಯುತ್ತಿದ್ದಳು. ಸೊಲ್ಲಾಪುರದ ಡಾಕ್ಟರು ತಡ ಮಾಡಬೇಡಿ ಎಂದಿದ್ದರು. ಬಹಳ ದಿನ ಕೇಳದೆ ಉಳಿದರೆ ಕೇಳಿದ್ದನ್ನು ತಿಳಿಯುವ ರೂಢಿಯೇ ತಪ್ಪುತ್ತದೆ, ಆಮೇಲೆ ಎಂಥ ಮಷಿನ್ ಹಾಕಿದರೂ ಬರೀ ಸದ್ದು.

ಆ ಮಾತಿಗೆ ಮೂರು ತಿಂಗಳಾಗಿತ್ತು. ಮೂರು ತಿಂಗಳಿಂದ ಧೀರೇಂದ್ರ ಸಾಲಗಳನ್ನು ಹೋಲಿಸುತ್ತಿದ್ದ. ಉಳಿಸಿದ ಹಣವೆಲ್ಲ ಅಗರಖೇಡ ರಸ್ತೆಯ ಪ್ಲಾಟಿನಲ್ಲಿ ಕೂತಿತ್ತು. ಯಾರ ಗೋಡೆಯೂ ತಾಗದಂಥ ಮನೆ ಕಟ್ಟಿಸಬೇಕೆಂದು ಕೊಂಡದ್ದು. ಅದನ್ನು ಮಾರಬಹುದಿತ್ತು. ಕಾಲೇಜಿನ ಸಹೋದ್ಯೋಗಿ ಮಂಜೂರ ತಾನೇ ಮುಂದಾಗಿ, “ಸರ್, ನನ್ನ ಕಡೆ ಐತಿ, ತಗೋರಿ, ಬಡ್ಡಿ ಗಿಡ್ಡಿ ಏನೂ ಬ್ಯಾಡ,” ಎಂದಿದ್ದ. ಅದನ್ನು ತೆಗೆದುಕೊಳ್ಳಬಹುದಿತ್ತು. ಯಾರ ಮುಲಾಜೂ ಬೇಡ ಎಂದು ಧೀರೇಂದ್ರ ಬ್ಯಾಂಕಿಗೆ ಬಂದ. ಬ್ಯಾಂಕಿಗೆ ಬಡ್ಡಿ ಕೊಟ್ಟರೆ ಸಾಕು, ನಗು ಕೊಡಬೇಕಿಲ್ಲ.

ಇನ್ನೂ ಒಂದು ಸಂಗತಿ ಇತ್ತು. ಮನೆಯ ಮೌನ ಅವನಿಗೆ ಒಗ್ಗಿಹೋಗಿತ್ತು. ಕೇಳದವಳಿಗೆ ಏನು ಹೇಳುವುದು ಎಂಬ ನೆಪದಲ್ಲಿ ಮಾತು ಬಿಟ್ಟಿದ್ದ, ಒಮ್ಮೊಮ್ಮೆ ಹಾಯೆನಿಸುತ್ತಿತ್ತು. ಹಾಗೆ ಹಾಯೆನಿಸಿದ್ದು ಅರಿವಿಗೆ ಬಂದಾಗೆಲ್ಲ ಅವನು ಮತ್ತೊಂದು ಬ್ಯಾಂಕಿನ ಬಡ್ಡಿದರ ತೆಗೆದು ನೋಡುತ್ತಿದ್ದ.

“ಮಂಜೂರ ಅಂತ ಬರಕೋರಿ,” ಎಂದ. “ನಮ್ಮ ಕಾಲೇಜಿನವರು.”

“ಇನ್ನೊಬ್ಬರು?”

ಸರತಿಯಲ್ಲಿ ಹಿಂದಿದ್ದವರು ಕೆಮ್ಮಿದರು. ಧೀರೇಂದ್ರನ ಬಾಯಿಂದ ಒಂದು ಹೆಸರು ತಾನಾಗಿ ಬಂತು. “ವಾಸುದೇವ. ಸಿಂದಗಿಯೊಳಗ ಗೊಬ್ಬರದ ಅಂಗಡಿ ಅದ.” ನಂಬರು ಕೇಳಿದಾಗ ತನ್ನದೇ ಎರಡನೇ ಸಿಮ್ಮಿನ ನಂಬರು ಹೇಳಿದ.

ಆ ಸಿಮ್ಮು ಲಾಕ್‌ಡೌನಿನಲ್ಲಿ ಆನ್‌ಲೈನ್ ಪಾಠಕ್ಕೆ ತೆಗೆದುಕೊಂಡದ್ದು, ಹುಡುಗರು ತನ್ನ ಖಾಸ ನಂಬರಿಗೆ ಫೋನ್ ಮಾಡದಿರಲಿ ಎಂದು. ಪಾಠ ಮುಗಿದ ಮೇಲೆ ಅದಕ್ಕೆ ಯಾರೂ ಮಾಡಲಿಲ್ಲ. ಖಾಸ ನಂಬರಿಗೂ ಮಾಡುತ್ತಿರಲಿಲ್ಲ, ಆ ಮಾತು ಬೇರೆ.

“ಎಷ್ಟು ವರ್ಷದ ಪರಿಚಯ್ರಿ?”

“ಇಪ್ಪತ್ತು.”

ಫರಹತ ಟೈಪು ಮಾಡಿದಳು. ವಾಸುದೇವ ಹುಟ್ಟಿದ.

*

ಮಂಜೂರನಿಗೆ ಫೋನ್ ಬಂದದ್ದು ಮಧ್ಯಾಹ್ನ, ಸ್ಟಾಫ್ ರೂಮಿನಲ್ಲಿ, ಧೀರೇಂದ್ರ ಎದುರಿಗೇ ಕೂತಿದ್ದಾಗ. ಮಂಜೂರ ಕಾಮರ್ಸಿನವನು, ಹನ್ನೆರಡು ವರ್ಷದಿಂದ ಪಕ್ಕದ ಮೇಜಿನವನು. ಡಬ್ಬಿ ಮುಚ್ಚಿ, ಎಡಗೈಯಲ್ಲಿ ಫೋನು ಹಿಡಿದ.

“ಹೌದ್ರಿ, ಧೀರೇಂದ್ರ ಸರ್ ಗೊತ್ತದಾರ್ರಿ... ಗೊತ್ತಂದ್ರೇನ್ರಿ, ನಮ್ಮ ಮನಿ ಮಂದಿ ಇದ್ದಂಗ... ಏ, ರಂಜಾನ್ ಹಬ್ಬಕ್ಕ ಅವರು ಬರೂತನಕ ನಮ್ಮವ್ವ ಸುರಕುಂಬಾ ಯಾರಿಗೂ ಬಡಸಂಗಿಲ್ಲ... ಬಂಗಾರದಂಥಾ ಮನಷ್ಯಾ ಅಂತ ಬರಕೋರಿ.”

ಧೀರೇಂದ್ರ ಎದುರಿನ ಉತ್ತರಪತ್ರಿಕೆಯನ್ನೇ ನೋಡುತ್ತ ಕೂತ. ಅವನು ಮಂಜೂರನ ಮನೆಗೆ ಹೋದದ್ದು ಒಂದೇ ಸಲ, ಒಂದು ರಂಜಾನ್ ಹಬ್ಬಕ್ಕೆ, ಅದೂ ಗೇಟಿನ ತನಕ. ಮಂಜೂರನ ತಾಯಿ ಬಾನುಬಿ ಸ್ಟೀಲ್ ಲೋಟದಲ್ಲಿ ಸುರಕುಂಬಾ, ಹಬ್ಬದ ಶ್ಯಾವಿಗೆ ಪಾಯಸ, ಹಿಡಿದು ತಾನೇ ಹೊರಗೆ ಬಂದಿದ್ದಳು. “ಇವತ್ತ ಏಕಾದಶಿ ಉಪವಾಸ,” ಎಂದಿದ್ದ ಧೀರೇಂದ್ರ. ಅಮಾವಾಸ್ಯೆ ಕಳೆದು ಚಂದ್ರ ಕಂಡ ಮರುದಿನ ಏಕಾದಶಿ ಹೇಗೆ ಬಂದೀತು ಎಂಬುದು ಅವನಿಗೆ ಹೊಳೆದದ್ದು ಮನೆ ಮುಟ್ಟಿದ ಮೇಲೆ. ಬಾನುಬಿಗೆ ಅಲ್ಲೇ ಹೊಳೆದಿತ್ತು. ಆಕೆ ಲೋಟ ಒಳಗೆ ಒಯ್ದಿದ್ದಳು.

“ಬ್ಯಾಂಕಿನವರು,” ಎಂದ ಮಂಜೂರ, ಫೋನಿಟ್ಟು. “ಬರೋಬ್ಬರಿ ಹೇಳಿದ್ನಿಲ್ರಿ?”

“ಹೂಂ. ಥ್ಯಾಂಕ್ಸ್.”

“ನನ್ನ ಕಡೆ ತಗೊಂಡಿದ್ರ ಈ ಫೋನೂ ಬರತಿದ್ದಿಲ್ಲ.” ಮಂಜೂರ ನಕ್ಕು ಡಬ್ಬಿಯ ಮುಚ್ಚಳ ಮತ್ತೆ ತೆಗೆದ. “ವೈನಿ ಕಿವಿ ಹೆಂಗದಾವ್ರಿ ಈಗ?”

“ಅದಾವ,” ಎಂದು ಧೀರೇಂದ್ರ ಎದ್ದ.

ಮಂಜೂರ ಎಷ್ಟು ಸಲೀಸಾಗಿ ಸುಳ್ಳು ಹೇಳಿದ! ಅಸಹ್ಯ ಪಡಬೇಕೆಂದು ಧೀರೇಂದ್ರ ಪ್ರಯತ್ನಿಸಿದ. ಆಗಲಿಲ್ಲ. ಮಂಜೂರ ಹೇಳಿದ ಆ ಬಂಗಾರದಂಥ ಮನುಷ್ಯ ಎಲ್ಲಿಯೋ ಇದ್ದರೆ ಅವನ ಪರಿಚಯ ಮಾಡಿಕೊಳ್ಳಬಹುದಿತ್ತು ಎನಿಸಿತು.

*

ಕಾಲೇಜು ಬಿಟ್ಟು ನಿಂಬೆ ಮಾರ್ಕೆಟಿನ ಹಾದಿ ಹಿಡಿದು ನಡೆಯುತ್ತ ಅವನು ವಾಸುದೇವನನ್ನು ತಯಾರು ಮಾಡಿದ. ಫೋನು ಯಾವಾಗ ಬೇಕಾದರೂ ಬರಬಹುದು, ತಡವರಿಸಬಾರದು. ಚೀಲ ಹೇರಿದ ಟೆಂಪೋ ಒಂದು ಹಾರ್ನ್ ಹೊಡೆಯುತ್ತ ಅವನನ್ನು ರಸ್ತೆಯಂಚಿಗೆ ನೂಕಿತು.

ವಾಸುದೇವ ದಪ್ಪ ಮನುಷ್ಯ. ನಗುಮುಖ. ಅಂಗಡಿಗೆ ಬಂದವರನ್ನು ಚಹಾ ಕುಡಿಸದೆ ಬಿಡುವುದಿಲ್ಲ. ಭಾನುವಾರ ಹೇಳದೆ ಕೇಳದೆ ಇಂಡಿಗೆ ಬಂದು, ಬಾಗಿಲಲ್ಲೇ, “ಏನೋ ಧೀರ್ಯಾ!” ಎಂದು ಕೂಗುತ್ತಾನೆ. ಮೃಣಾಲಿನಿಗೂ ಕೇಳುವಷ್ಟು ಜೋರಾಗಿ. ತಪ್ಪಿ ಒಂದು ರೂಪಾಯಿ ಹೆಚ್ಚು ಚಿಲ್ಲರೆ ಕೈಗೆ ಬಂದರೂ ಓಡಿಹೋಗಿ ಕೊಟ್ಟು ಬರುವವನು. ಸುಳ್ಳು ಅವನಿಗೆ ಬರುವುದಿಲ್ಲ.

ಧೀರ್ಯಾ ಎಂದು ತನ್ನನ್ನು ಯಾರೂ ಎಂದೂ ಕರೆದಿರಲಿಲ್ಲ. ಮನೆ ಬರುವ ಹೊತ್ತಿಗೆ ಧೀರೇಂದ್ರನಿಗೆ ವಾಸುದೇವನ ಮೇಲೆ ನಿಜಕ್ಕೂ ಪ್ರೀತಿ ಹುಟ್ಟಿತ್ತು. ಅಂಥವನು ತನ್ನಲ್ಲಿ ಏನು ಕಂಡು ಇಪ್ಪತ್ತು ವರ್ಷ ಗೆಳೆಯನಾಗಿದ್ದಾನು ಎಂಬ ಲೆಕ್ಕವೊಂದು ಮಾತ್ರ ಕೂಡಲಿಲ್ಲ.

ಮೃಣಾಲಿನಿ ಚಹಾ ತಂದಿಟ್ಟು ಎದುರಿಗೆ ಕೂತಳು. “ಬ್ಯಾಂಕಿನ್ಯಾಗ ಏನಂದ್ರು?” ಎಂದು ಕೇಳಿದಳು, ಕೇಳದವರ ಜೋರು ದನಿಯಲ್ಲಿ. ಅವಳ ಮುಖದಲ್ಲಿ ಆಸೆ ಇತ್ತು. ಹೋದ ವಾರ ಸೊಲ್ಲಾಪುರದಲ್ಲಿ ಮಷಿನ್ ಹಾಕಿ ನೋಡುವಾಗ ಸೀಲಿಂಗ್ ಫ್ಯಾನಿನ ಸದ್ದು ಕೇಳಿ ಅತ್ತುಬಿಟ್ಟಿದ್ದಳು.

“ನಾಳೆ ಆಗ್ತದ,” ಎಂದ ಧೀರೇಂದ್ರ. ಫೋನು ರಿಂಗಾಯಿತು. ಎರಡನೇ ಸಿಮ್ಮು.

“ವಾಸುದೇವ ಅವರಾ ಸರ್?” ಬೆಂಗಳೂರಿನ ಕಡೆಯ ಹೆಣ್ಣುದನಿ.

“ಹೌದು.”

“ಧೀರೇಂದ್ರ ಅನ್ನೋರು ಲೋನಿಗೆ ನಿಮ್ಮ ಹೆಸರು ಕೊಟ್ಟಿದ್ದಾರೆ. ಅವರು ನಿಮಗೆ ಗೊತ್ತಾ ಸರ್?”

ಒಂದು ಮಾತು ಸಾಕಿತ್ತು. ಮೃಣಾಲಿನಿ ಅವನ ತುಟಿಗಳನ್ನೇ ನೋಡುತ್ತಿದ್ದಳು.

“ಗೊತ್ತು,” ಎಂದ.

“ಮನೆಗೆಲ್ಲ ಹೋಗಿ ಬರೋದು ಇದೆಯಾ?”

ಧೀರೇಂದ್ರ ಸುತ್ತ ಕಣ್ಣು ಹಾಯಿಸಿದ. ಸಿಂದಗಿಯ ವಾಸುದೇವ ಆ ಮನೆಯನ್ನು ಮೊದಲ ಸಲ ನೋಡಿದ. ಹಗಲಲ್ಲೂ ಮುಚ್ಚಿದ ಕಿಟಕಿಗಳು. ಇಬ್ಬರಿಗೆ ಎರಡೇ ಕುರ್ಚಿ. ಮಾತಿಗಾಗಿ ಬಾಯಿಯನ್ನೇ ನೋಡುತ್ತ ಕೂತ ಒಬ್ಬ ಹೆಂಗಸು.

“ಹಂಗೇನಿಲ್ಲ.”

“ಮನುಷ್ಯ ಹೇಗೆ ಸರ್? ಒಂದು ಮಾತು ಹೇಳಿ, ಬರ್ಕೋತೀನಿ.”

ಮಂಜೂರನ ಮಾತುಗಳೆಲ್ಲ ನೆನಪಿದ್ದವು. ಅವನ್ನೇ ಮತ್ತೊಮ್ಮೆ ಹೇಳಿದರೆ ಆಗುತ್ತಿತ್ತು. ಆದರೆ ವಾಸುದೇವನಿಗೆ ಸುಳ್ಳು ಬರುವುದಿಲ್ಲ. ಅವನು ಸಂಕೋಚದಿಂದ ಗಂಟಲು ಸರಿಮಾಡಿಕೊಂಡ.

“ನನಗ ಅವರ ಪರಿಚಯ ಅಷ್ಟಿಲ್ಲರಿ.”

“ಗೊತ್ತಿಲ್ಲ ಅಂತ ಹಾಕ್ಲಾ ಸರ್?”

ಬೇಡ ಎನ್ನಬೇಕು, ಈಗಲೇ ಎನ್ನಬೇಕು ಎಂದು ಧೀರೇಂದ್ರ ಗಾಬರಿಯಾದ. “ಹಾಕ್ರಿ,” ಎಂದ ವಾಸುದೇವ. ಫೋನು ಕಟ್ಟಾಯಿತು.

“ಯಾರ ಪರಿಚಯ ಇಲ್ಲ ಅಂದ್ರಿ?” ಕೇಳಿದಳು ಮೃಣಾಲಿನಿ.

“ಯಾವನೋ ಒಬ್ಬಾಂವ. ಸಾಲ ಕೇಳ್ಯಾನಂತ.”

“ಪಾಪ,” ಎಂದಳು ಅವಳು. “ಗೊತ್ತದ ಅನ್ನಬೇಕಿತ್ತು. ನಿಮ್ದೇನು ಹೋಗ್ತಿತ್ತು?”

ಧೀರೇಂದ್ರ ಹೇಳತೊಡಗಿದ. ಬ್ಯಾಂಕಿನ ಇಬ್ಬರು ಗೊತ್ತಿದ್ದವರ ಬಗ್ಗೆ, ಲೈನ್‌ಮನ್ನನ ಹೆಸರಿನ ಬಗ್ಗೆ, ಬಾನುಬಿ ಒಳಗೆ ಒಯ್ದ ಲೋಟದ ಬಗ್ಗೆ, ಮೂರು ತಿಂಗಳು ತಾನು ಏನನ್ನು ಹೋಲಿಸುತ್ತ ಕೂತಿದ್ದೆ ಎಂಬುದರ ಬಗ್ಗೆ. ಎರಡು ವರ್ಷದಲ್ಲಿ ಅಷ್ಟು ಮಾತು ಅವನು ಆಡಿರಲಿಲ್ಲ. ಸುಮಾರು ಹೇಳಿದ ಮೇಲೆ ಅವನಿಗೆ ತಿಳಿಯಿತು, ತನ್ನ ಗಂಟಲಿನಿಂದ ದನಿಯೇ ಹೊರಡುತ್ತಿಲ್ಲ. ಬರೀ ತುಟಿಗಳು ಆಡುತ್ತಿದ್ದವು.

ಮೃಣಾಲಿನಿಗೆ ಅದರ ಪತ್ತೆಯಿರಲಿಲ್ಲ. ಚಹಾದ ಕಪ್ಪನ್ನು ಅವನ ಕಡೆ ಸರಿಸಿ, ತುಟಿಗಳ ಮೇಲಿನ ಕಣ್ಣು ಕೀಳದೆ, “ಹೌದಾ... ಹೌದಾ...” ಎಂದು ತಲೆಯಾಡಿಸುತ್ತ ಕೂತಿದ್ದಳು.