ಮುರಿಯದ ರೊಟ್ಟಿ

ಆ ಬಟ್ಟಲಿನ ಮೇಲೆ ಸದಾ ಒಂದು ಒದ್ದೆ ಬಟ್ಟೆ ಇರುತ್ತಿತ್ತು. ಒಳಗಿನ ಹುಳಿಹಿಟ್ಟು ಉಬ್ಬಿದಂತೆ ಬಟ್ಟೆಯೂ ಮೆಲ್ಲಗೆ ಮೇಲೇಳುತ್ತಿತ್ತು, ನಿದ್ದೆಹೋದ ಮಗುವಿನ ಹೊಟ್ಟೆಯ ಹಾಗೆ.

ನಮ್ಮ ಚಿಕ್ಕ ಕ್ರೈಸ್ತ ಸಭೆಯಲ್ಲಿ, ಪಾದ್ರಿಗಳು ಮುರಿದು ಎಲ್ಲರಿಗೂ ಹಂಚುವ ಕರ್ತನ ಭೋಜನದ ರೊಟ್ಟಿಯನ್ನು ಅಂಗಡಿಯಿಂದ ತರುವ ರೂಢಿ ಇರಲಿಲ್ಲ. ಮನೆಗಳವರು ಸರದಿಯಂತೆ ಸುಡುತ್ತಿದ್ದರು. ಸುಟ್ಟವರು ಕಲಸಿದ ಹಿಟ್ಟಿನಲ್ಲಿ ಒಂದು ಮುದ್ದೆ ಉಳಿಸಿ, ಆ ಬಟ್ಟಲಿನಲ್ಲಿಟ್ಟು, ದಿನವೂ ಹಿಟ್ಟು ಹಾಕಿ ಮುಂದಿನ ರೊಟ್ಟಿಗೆ ಹುಳಿಯಾಗಿ ಸಾಕಬೇಕು. ಮುಂದಿನ ಸರದಿಯವರು ತಾವೇ ಅವರ ಮನೆಗೆ ಹೋಗಿ, ಬಾಯಿಬಿಟ್ಟು ಕೇಳಿ ತರಬೇಕು. ಹಿರಿಯರು ಯಾಕೆ ಹಾಗೆ ಕಟ್ಟಳೆ ಮಾಡಿದ್ದರೆಂದು ನಾನು ಯೋಚಿಸಿದವಳಲ್ಲ.

ಆ ವರ್ಷ ಈಸ್ಟರ್ ರೊಟ್ಟಿಯ ಸರದಿ ನಮ್ಮ ಅತ್ತೆ ಮಾರ್ತವ್ವನವರದು. ಬಟ್ಟಲು ಇದ್ದದ್ದು ಪಕ್ಕದ ಮನೆಯ ಲೇಯವ್ವನ ಹತ್ತಿರ. ಇಬ್ಬರೂ ಮಾತು ಬಿಟ್ಟು ವರ್ಷಗಳಾಗಿದ್ದವು.

ಕಾರಣ ಊರಿಗೆಲ್ಲ ಗೊತ್ತು. ಒಮ್ಮೆ ಪಾದ್ರಿ ಅಯ್ಯನವರ ಪ್ರಸಂಗದ ನಡುವೆ ಅತ್ತೆ ಎದ್ದು ನಿಂತು, “ಅಯ್ಯನವರ, ಸ್ವಲ್ಪ ತಡೀರಿ. ಇಲ್ಲೊಬ್ಬಾಕಿ ನಿದ್ದಿ ಹೊಡ್ಯಾಕತ್ತಾಳ” ಎಂದಿದ್ದರು.

“ನಿದ್ದಿ ಅಲ್ರಿ, ಕಣ್ಣ ಮುಚ್ಚಿ ಪ್ರಾರ್ಥನಾ ಮಾಡಾಕತ್ತಿದ್ದೆ,” ಎಂದಳು ಲೇಯವ್ವ.

“ಪ್ರಾರ್ಥನಾದಾಗ ಯಾರರ ಗೊರಕಿ ಹೊಡೀತಾರೇನು?”

ಸಭೆಯೆಲ್ಲ ನಕ್ಕಿತ್ತು. ಅಂದಿನಿಂದ ಪ್ರಾರ್ಥನೆಗೆ ಅವರಿಬ್ಬರೂ ಕೂರುತ್ತಿದ್ದುದು ಚಾಪೆಯ ಎರಡು ತುದಿಗೆ.

ಅತ್ತೆ ಸುಳ್ಳಾಡಿದ್ದನ್ನು ಯಾರೂ ಕೇಳಿರಲಿಲ್ಲ. ಜಯಶೀಲ ತೀರಿಕೊಂಡ ಮೇಲಂತೂ ಇನ್ನಷ್ಟು ಬಿಗಿಯಾದರು. ಜಯಶೀಲ ಅವರ ಮಗ, ನನ್ನ ಗಂಡ. ಬಾಯಿಂದ ಒಂದು ಗಡಸು ಮಾತು ಜಾರಿದರೆ ಅಂದಿನ ಊಟ ಬಿಡುತ್ತಿದ್ದರು. ಆ ಈಸ್ಟರಿಗೆ ಮುಂಚಿನ ತಪಸ್ಸುಕಾಲದ ಮೊದಲಲ್ಲಿ ಅಯ್ಯನವರು, ಪರಲೋಕದ ತಂದೆಯ ಹಾಗೆ ನಾವೂ ಪರಿಪೂರ್ಣರಾಗಬೇಕು ಎಂದು ಪ್ರಸಂಗ ಮಾಡಿದ್ದರು. ಆ ಮಾತನ್ನು ಅತ್ತೆ ಸೆರಗಿಗೆ ಗಂಟುಹಾಕಿಕೊಂಡು ಬಂದಿದ್ದರು. ನಾನು ತತ್ವಶಾಸ್ತ್ರ ಓದಿದವಳು; ಪರಿಪೂರ್ಣತೆಯ ಮೇಲೆ ಪರೀಕ್ಷೆಯಲ್ಲಿ ಪುಟಗಟ್ಟಲೆ ಬರೆದಿದ್ದೆ. ಆ ದಿನಗಳಲ್ಲಿ ಯಾವುದೂ ನನ್ನನ್ನು ಮುಟ್ಟುತ್ತಿರಲಿಲ್ಲ. ಕೊಟ್ಟದ್ದನ್ನು ಉಣ್ಣುತ್ತಿದ್ದೆ, ಹೇಳಿದ್ದನ್ನು ಮಾಡುತ್ತಿದ್ದೆ.

“ಅತ್ತಿ, ಹುಳಿ ತರೂದಿಲ್ಲೇನ್ರಿ?” ಎಂದು ಕೇಳಿದೆ.

“ಆಕಿ ಬಂದು ತಪ್ಪಾತು ಅನ್ನಲಿ. ಕ್ಷಮಾ ಮಾಡಾಕ ನಾ ಯಾವಾಗಲೂ ತಯಾರದೀನಿ. ಆಕಿ ಬಾಗಲಾ ಮಾತ್ರ ತುಳಿಯಂಗಿಲ್ಲ. ಹುಳಿ ನಾನ ಮಾಡತೀನಿ. ಒಂದ ಕಲೆ ಇಲ್ಲದ ರೊಟ್ಟಿ ಆಗಬೇಕು, ನೋಡತಿರು.”

ಹಬ್ಬದ ಹಿಂದಿನ ಬೆಳಿಗ್ಗೆ, ಪಾತ್ರೆಯ ಮೇಲೂ ಕೆಳಗೂ ಕೆಂಡವಿಟ್ಟು ತಮ್ಮದೇ ಹುಳಿಯಿಂದ ಪರೀಕ್ಷೆಗೆಂದು ಒಂದು ರೊಟ್ಟಿ ಸುಟ್ಟರು. ಹೊರಬಂದಾಗ ನಾವಿಬ್ಬರೂ ನೋಡುತ್ತ ನಿಂತೆವು. ಹುಣ್ಣಿಮೆಯ ಚಂದ್ರನಂತೆ ದುಂಡಗಿತ್ತು. ಬಿರುಕಿಲ್ಲ, ಸೀದ ಗುರುತಿಲ್ಲ.

“ಮುರಿ ನೋಡೂಣು,” ಎಂದರು ಅತ್ತೆ.

ನಾನು ಎಳೆದೆ. ಅವರು ಎಳೆದರು. ಆಮೇಲೆ ಒಂದೊಂದು ಅಂಚು ಹಿಡಿದು ಇಬ್ಬರೂ ಹಗ್ಗಜಗ್ಗಾಟದವರಂತೆ ಜಗ್ಗಿದೆವು. ಕೊನೆಗೆ ಅತ್ತೆ ಅದನ್ನು ಹಿತ್ತಲ ಕಟ್ಟೆಯ ಮೇಲಿಟ್ಟು ರುಬ್ಬುಗುಂಡಿನಿಂದ ಒಂದು ಬಿಟ್ಟರು. ರೊಟ್ಟಿ ಮುರಿಯಲಿಲ್ಲ. ಚಿಮ್ಮಿ, ಮೋಟುಗೋಡೆ ಹಾರಿ, ಲೇಯವ್ವನ ಹಿತ್ತಲಿಗೆ ಬಿತ್ತು. ಕೋಳಿಯೊಂದು ಕಿರುಚಿತು.

“ಯಾರಲೇ ಅವರು, ಕಲ್ಲ ಒಗ್ಯಾವ್ರು?”

ನಾನು ನಕ್ಕುಬಿಟ್ಟೆ. ಜಯಶೀಲ ಹೋದ ಮೇಲೆ ಅದೇ ಮೊದಲು. ತಡೆಯಲು ಸೆರಗು ಬಾಯಿಗೆ ತುರುಕಿಕೊಂಡರೂ ನಗು ನಿಲ್ಲಲಿಲ್ಲ. ಅತ್ತೆ ಬೆರಗಾಗಿ ನನ್ನನ್ನೇ ನೋಡಿದರು, ಅವರೂ ನಕ್ಕರು. ನಗುನಗುತ್ತಲೇ ಕಟ್ಟೆಯ ಮೇಲೆ ಕುಸಿದು ಅಳತೊಡಗಿದರು.

ಲೇಯವ್ವ ರೊಟ್ಟಿ ಹಿಡಿದು ಗೋಡೆಯ ಬಳಿ ಬಂದಳು. “ಇದೇನ ಮಾರ್ತವ್ವಾ, ರೊಟ್ಟಿಯೋ ಬೀಸುಕಲ್ಲೋ?” ಎಂದವಳು, ಅತ್ತೆಯ ಮುಖ ಕಂಡು ರೊಟ್ಟಿಯನ್ನು ಗೋಡೆಯ ಮೇಲಿಟ್ಟಳು.

“ನನ್ನಾಗ ಏನೋ ಕೊರತಿ ಇತ್ತು,” ಎಂದರು ಅತ್ತೆ, ಯಾರಿಗೆಂದಿಲ್ಲದೆ. “ಅದಕ್ಕ ದೇವರು ನನ್ನ ಕೂಸನ್ನ ಕಸಗೊಂಡ. ಇನ್ನರ ಒಂದ ಕೊರತಿನೂ ಇರಬಾರದು ಅಂತ…”

ಅವರ ಉಪವಾಸಗಳ ಒಳಗೆ ಏನಿತ್ತೆಂದು ಒಂದೇ ಮನೆಯಲ್ಲಿದ್ದ ನನಗೆ ತಿಳಿದದ್ದು ಆಗಲೇ.

“ನಿನ್ನ ಕೊರತಿಗೆ ಆಂವ ಹೋದನೇನ, ಹುಚ್ಚಿ?” ಎಂದಳು ಲೇಯವ್ವ. “ಹಂಗಿದ್ರ ನನ್ನ ಮನ್ಯಾಗ ಒಬ್ಬರೂ ಉಳೀತಿದ್ದಿಲ್ಲ. ಅಯ್ಯನವರು ಹೇಳಿದ್ದು ನೀ ಅರ್ಧಾ ಕೇಳಿ ಬಂದಿ. ತಂದಿ ತನ್ನ ಸೂರ್ಯನ್ನ ಒಳ್ಳೇರಿಗೂ ಹುಟ್ಟಸ್ತಾನ, ಕೆಟ್ಟವರಿಗೂ ಹುಟ್ಟಸ್ತಾನ. ಮಳಿನೂ ಹಂಗ. ಯಾರನ್ನೂ ಹೊರಗ ಇಡೂದಿಲ್ಲ. ಅದ ಆತನ ಪರಿಪೂರ್ಣ, ನೀವೂ ಹಂಗ ಇರ್ರಿ ಅಂದ್ರು.”

ಅತ್ತೆ ಕಣ್ಣೊರೆಸಿಕೊಂಡರು. “ಆ ಪ್ರಸಂಗದಾಗೂ ನೀ ನಿದ್ದಿಯಾಗಿದ್ದೆಲ್ಲ?”

“ಪ್ರಾರ್ಥನಾದಾಗಿದ್ನವ್ವಾ.”

ಆಮೇಲೆ ಲೇಯವ್ವ, “ಬಟ್ಟಲಾ ಗ್ವಾಡಿ ಮ್ಯಾಲಿಂದ ಕೊಡ್ಲೇನು?” ಎಂದಳು.

“ಬ್ಯಾಡ. ಬಾಗಲಕ್ಕ ಬರತೀನಿ. ಕೇಳಿ ತರಬೇಕು.”

ಅತ್ತೆ ಮುಖ ತೊಳೆದು, ಬೇರೆ ಸೀರೆಯುಟ್ಟು, ಬೀದಿಯ ಕಡೆಯಿಂದ ಹೋಗಿ ಆ ಹೊಸ್ತಿಲ ಮುಂದೆ ನಿಂತರು. ನಾನು ಹಿಂದೆ ನಿಂತಿದ್ದೆ.

“ಹುಳಿ ಕೊಡು, ಲೇಯವ್ವ. ಆವತ್ತ ಮಂದ್ಯಾಗ ಎದ್ದು ನಿಂತು ನಾ ಹಂಗ ಅನ್ನಬಾರದಾಗಿತ್ತು.”

“ಅದನ್ನ ಬಿಡು. ನೀ ಬರತಿ ಅಂತ ದಿನಾ ಮುಷ್ಟಿ ಮುಷ್ಟಿ ಹಿಟ್ಟ ಹಾಕಿ ಸಾಕೇನಿ ಇದನ್ನ. ಇಷ್ಟ ಮೇಯಿಸಿದ್ರ ಎಮ್ಮಿಯರ ಹಾಲ ಕೊಡತಿತ್ತು. ಒಳಗ ಬಾ, ಚಾ ಕುಡಿ.”

ಈಸ್ಟರ್ ಬೆಳಿಗ್ಗೆ ಸುಟ್ಟ ರೊಟ್ಟಿ ಒಂದು ಕಡೆ ಹೆಚ್ಚು ಉಬ್ಬಿ ಸೊಟ್ಟಗಾಗಿತ್ತು. ನೆತ್ತಿಯ ಮೇಲೆ ಅಡ್ಡಕ್ಕೆ ದೊಡ್ಡದೊಂದು ಬಿರುಕು. ಅತ್ತೆ ಅದನ್ನು ತಿರುಗಿಸಿ ತಿರುಗಿಸಿ ನೋಡಿದರು. ಇನ್ನೊಂದು ಸುಡುತ್ತಾರೇನೋ ಎಂದುಕೊಂಡೆ. ಅವರು ಬಿಳಿ ಬಟ್ಟೆಯಲ್ಲಿ ಸುತ್ತಿ, “ನಡಿ, ಹೊತ್ತಾತು” ಎಂದರು.

ಪ್ರಸಂಗದ ನಡುವೆ ಲೇಯವ್ವನ ತಲೆ ವಾಲಿ ಅತ್ತೆಯ ಹೆಗಲಿಗೆ ಬಂತು. ಗೊರಕೆ ಶುರುವಾಯಿತು. ಅಯ್ಯನವರು ಮಾತು ನಿಲ್ಲಿಸಿ, ಭಯದಿಂದ ಅತ್ತೆಯ ಕಡೆ ನೋಡಿದರು. ಅತ್ತೆ ಅಲ್ಲಾಡದೆ ಕೂತು, ತುಟಿಯ ಮೇಲೆ ಬೆರಳಿಟ್ಟು, ಮೆಲ್ಲಗೆ ಹೇಳಿ ಎಂದು ಅವರಿಗೇ ಸನ್ನೆ ಮಾಡಿದರು.

ಆಮೇಲೆ ಅಯ್ಯನವರು ರೊಟ್ಟಿ ಎತ್ತಿದರು. ಬಿರುಕಿನ ಗುಂಟ ಅದು ತಾನೇ ಬಿಚ್ಚಿಕೊಂಡಿತು. ಎಲ್ಲರಿಗೂ ಸಿಕ್ಕಿತು.

ಮನೆಗೆ ಬಂದು ಅಡುಗೆಮನೆಯಲ್ಲಿ ಬಟ್ಟಲಿಗೆ ಒಂದು ಮುಷ್ಟಿ ಹಿಟ್ಟು ಹಾಕಿದೆ. ಯಾರೂ ಹೇಳಿರಲಿಲ್ಲ. ಒದ್ದೆ ಬಟ್ಟೆ ಹೊದಿಸಿ ಅಂಗೈ ಇಟ್ಟೆ. ಸಂಜೆ ಮತ್ತೆ ಇಟ್ಟಾಗ, ಬಟ್ಟೆ ನನ್ನ ಕೈಯನ್ನು ಮೆಲ್ಲಗೆ ಮೇಲೆತ್ತುತ್ತಿತ್ತು.