ನಲವತ್ತು ನಿಮಿಷ ಮುಂದಿನ ಮನೆ

ವಾಡಿಯ ರೈಲ್ವೆ ಗೇಟಿನ ಹಿಂದಿನ ಓಣಿಯಲ್ಲಿ ಲಾಲಪ್ಪನ ಮನೆಯ ಗಡಿಯಾರಗಳೆಲ್ಲ ನಲವತ್ತು ನಿಮಿಷ ಮುಂದೆ ಓಡುತ್ತವೆ. ಲಾಲಪ್ಪ ದಿನಾ ಬೆಳಗಿನ ಪ್ಯಾಸೆಂಜರ್ ಗಾಡಿ ಹಿಡಿದು ಶಹಾಬಾದಿನ ಫರಸಿಕಲ್ಲು ಪಾಲಿಶ್ ಮಾಡುವ ಕೆಲಸಕ್ಕೆ ಹೋಗುವವನು. ಹತ್ತು ವರ್ಷದ ಹಿಂದೆ ಒಮ್ಮೆ ಗಾಡಿ ತಪ್ಪಿ, ಬುತ್ತಿ ಹಿಡಿದುಕೊಂಡು ಹಳಿಗುಂಟ ನಡೆದೇ ಹೋಗಿದ್ದ. ಅಂದು ಸಂಜೆ ಮನೆಗೆ ಬಂದವನೇ ಸ್ಟೂಲು ಹತ್ತಿ ಗೋಡೆಯ ಗಡಿಯಾರದ ಮುಳ್ಳು ತಿರುಗಿಸಿದ. ಅಂದಿನಿಂದ ಮನೆಯವರಿಗೆ ಕಂಡ ಸಮಯದಲ್ಲಿ ನಲವತ್ತು ಕಳೆಯುವುದು ಉಸಿರಾಡಿದಷ್ಟು ಸಲೀಸು. ಓಣಿಯವರು ಮಾತ್ರ ಅದಕ್ಕೆ 'ಲಾಲಪ್ಪನ ಟೈಮ್' ಎಂದು ಹೆಸರಿಟ್ಟು ನಗುತ್ತಾರೆ.

ಆ ಭಾನುವಾರ ಮಧ್ಯಾಹ್ನ ಅವನ ಮಗಳು ಲುಂಬಿನಿ ಟ್ಯಾಬನ್ನು ತೊಡೆಯ ಮೇಲಿಟ್ಟುಕೊಂಡು ಪಡಸಾಲೆಯಲ್ಲಿ ಕುಳಿತಿದ್ದಳು. ತಾಯಿ ಲಾಲಮ್ಮ ಹಾಸಿಗೆ ಹಿಡಿದ ವರ್ಷ ಏಳನೆಯ ತರಗತಿಗೇ ಶಾಲೆ ಬಿಟ್ಟ ಹುಡುಗಿ. ತಾಯಿ ಎದ್ದು ಓಡಾಡಿದಳು. ಹುಡುಗಿ ಶಾಲೆಗೆ ಮರಳಲಿಲ್ಲ. ಈಗ ಹತ್ತೊಂಬತ್ತು. ಶಾಲೆ ಬಿಟ್ಟವರಿಗೆ ಹತ್ತನೆಯ ತರಗತಿ ಬರೆಸುವ ಚಿತ್ತಾಪುರದ ಮಹಿಳಾ ಸಂಘ ಅವಳ ಹೆಸರು ಬರೆದುಕೊಂಡು ಟ್ಯಾಬ್ ಕೊಟ್ಟಿತ್ತು. ಮೊದಲ ಪಾಠ ಇವತ್ತು ಎರಡು ಗಂಟೆಗೆ ನೇರ ಪ್ರಸಾರ. ಎರಡೂಕಾಲರೊಳಗೆ ಹೆಸರು ಬರೆದು ಹಾಜರಾಗದಿದ್ದರೆ ಸೀಟು ಕಾಯುತ್ತಿರುವ ಇನ್ನೊಬ್ಬಳಿಗೆ ಹೋಗುತ್ತದೆ. ಬೇರೆಯವರ ಫೋನಿನಲ್ಲಿ ನೋಡಿದರೆ ಲೆಕ್ಕಕ್ಕಿಲ್ಲ.

ಲುಂಬಿನಿ ಪಾಠದ ಗುರುತನ್ನು ಒತ್ತಿದಳು. ಪರದೆಯಲ್ಲಿ ಚಕ್ರ ಸುತ್ತಿತು, ನಿಂತಿತು. 'ಈ ವಿಡಿಯೋದ ಅವಧಿ ಮುಗಿದಿದೆ' ಎಂದು ಬಂತು.

ಲಾಲಪ್ಪ ಮಂಚದಿಂದಲೇ ಬಗ್ಗಿ ನೋಡಿದ. "ಶುರುನೇ ಆಗಿಲ್ಲ, ಮುಗೀತಂತ! ಭಾಳ ಚಲೋ ಸಾಲಿ ಹಿಡಿದಿ ನೋಡವಾ."

"ಸುಮ್ಕಿರ್ರಿ, ಅಕಿ ಮಾರಿ ನೋಡ್ರಿ," ಎಂದಳು ಲಾಲಮ್ಮ.

ಪಕ್ಕದ ಮನೆಯ ತಾಜುನ್ನಿಸಾ ತನ್ನ ಫೋನ್ ಹಿಡಿದುಕೊಂಡೇ ಬಂದಳು. ಓಣಿಯಲ್ಲಿ ಯಾರ ಫೋನ್ ಕೆಟ್ಟರೂ ಮೊದಲು ಅವಳೇ ವೈದ್ಯೆ. "ನೆಟ್ ಇರಂಗಿಲ್ಲ ಲುಂಬಿ. ಈ ಫರಸಿ ಛತ್ತಿನ ಕೆಳಗ ಯಾ ನೆಟ್ ಬರ್ತದ? ಹೊರಗ ನಡೀ."

ಹೊರಗೆ ಬೇವಿನ ಕೆಳಗೆ ಹೋದರು. ಅದೇ ಮಾತು: ಅವಧಿ ಮುಗಿದಿದೆ. ಆರಿಸಿ ಹಚ್ಚಿದರು. ಮತ್ತೆ ಅದೇ.

"ಅರೆ, ನನ್ನ ಫೋನಿನ್ಯಾಗ ಬಿರ್ಯಾನಿ ದಮ್ ಆಗ್ಲಿಕತ್ತದ, ನಿನ್ನ ಟ್ಯಾಬಿಗಿ ಏನ್ ರೋಗ?" ತಾಜುನ್ನಿಸಾ ಅಡುಗೆಯ ವಿಡಿಯೋ ಓಡುತ್ತಿದ್ದ ಫೋನನ್ನು ಟ್ಯಾಬಿನ ಪಕ್ಕ ಹಿಡಿದಳು. "ಮೊನ್ನಿ ಚಿತ್ತಾಪುರದಾಗ ನಡೀತಂದಿ?"

ನಡೆದಿತ್ತು. ಸಂಘದ ಕಚೇರಿಯಲ್ಲಿ ಲುಂಬಿನಿಯ ಎದುರಿಗೇ ಒಂದು ಪಾಠ ಹಚ್ಚಿ ತೋರಿಸಿದ್ದರು.

ಅಷ್ಟರಲ್ಲಿ ಸಿಮೆಂಟ್ ಫ್ಯಾಕ್ಟರಿಯ ಭೋಂಗಾ ಕೂಗಿತು. ಎರಡು ಗಂಟೆ, ಪಾಳಿ ಬದಲು. ಲುಂಬಿನಿ ಎರಡೂ ಪರದೆಗಳನ್ನು ನೋಡಿದಳು. ತಾಜುನ್ನಿಸಾಳ ಫೋನಿನ ಮೂಲೆಯಲ್ಲಿ ಎರಡು ಗಂಟೆ. ತನ್ನ ಟ್ಯಾಬಿನ ಮೂಲೆಯಲ್ಲಿ ಎರಡು ನಲವತ್ತು. ಇಷ್ಟು ಹೊತ್ತೂ ಅದನ್ನು ನೋಡಿದ್ದಳು, ಎಂದಿನಂತೆ ನಲವತ್ತು ಕಳೆದು ಸುಮ್ಮನಾಗಿದ್ದಳು. ಆದರೆ ಟ್ಯಾಬಿಗೆ ಕಳೆಯಲು ಯಾರು ಕಲಿಸಿದ್ದಾರೆ? ಅದರ ಲೆಕ್ಕದಲ್ಲಿ ಹಾಜರಾಗುವ ಹೊತ್ತು ಎಂದೋ ದಾಟಿತ್ತು.

ಅವಳು ಒಳಗೆ ಓಡಿದಳು. "ಅಪ್ಪಾ, ಇದಕ್ಕೂ ನಿನ್ನ ಟೈಮ್ ಇಟ್ಟಿಯೇನು?"

"ಇಟ್ಟೀನಿ. ಅರ್ಧ ತಾಸು ಗುದ್ದಾಡಿ ಇಟ್ಟೀನಿ. ಮನ್ಯಾಗ ಎಲ್ಲಾ ಒಂದೇ ಟೈಮ್ ಇರಬೇಕು. ಮುಂಜಾನಿ ಅಲಾರಾಂ ಭಾಳ ಚಲೋ ಹೊಡೀತದ."

"ಅದಕ್ಕೇ ಪಾಠ ಬರವಲ್ದು. ಸರಿ ಮಾಡ್ತೀನಿ."

"ಮುಟ್ಟಬ್ಯಾಡ! ನಾಳಿ ಗಾಡಿ ತಪ್ಪಿದ್ರ ನಿನ್ನ ಟೀಚರ್ ನನಗ ಹೊತ್ಕೊಂಡು ಒಯ್ತಾಳೇನು ಶಹಾಬಾದಕ್ಕ?"

ಲುಂಬಿನಿಯ ಬೆರಳು ನಿಂತಿತು. ಅಪ್ಪನಿಗೆ ಎದುರಾಡಿ ಗೊತ್ತಿದ್ದವಳಲ್ಲ. ಓಣಿಯಲ್ಲಿ ಅವಳ ದನಿ ಕೇಳಿದವರೇ ಕಡಿಮೆ. ಆದರೆ ಹೊತ್ತು ಜಾರುತ್ತಿತ್ತು.

"ಗ್ವಾಡಿ ಮ್ಯಾಲಿಂದು ನಿಂದು," ಎಂದಳು. "ಇದು ನಂದು ಅಪ್ಪಾ."

ಒಲೆಯ ಮುಂದಿನಿಂದ ಲಾಲಮ್ಮ ಹೇಳಿದಳು, "ನಿಮಗ ಇಪ್ಪತ್ತು ವರ್ಷದಿಂದ ಎಬ್ಬಸಾಕತ್ತಾಕಿ ನಾನು, ಗಡಿಯಾರ ಅಲ್ಲ. ಮಾಡ್ಲಿ ಬಿಡ್ರಿ."

"ಹೌದಲ್ಲೇನ್ರಿ ಚಾಚಾ," ಎಂದು ತಾಜುನ್ನಿಸಾ ಬಾಯಿಗೆ ಸೆರಗು ಒತ್ತಿ ನಕ್ಕಳು. ಲಾಲಪ್ಪ ಗೋಡೆಯ ಕಡೆ ತಿರುಗಿ ಕುಳಿತ. ಬೇಡ ಎನ್ನಲಿಲ್ಲ.

ಲುಂಬಿನಿ ಸೆಟ್ಟಿಂಗಿನೊಳಗೆ ಹುಡುಕಿ, ಸಮಯ ತಾನಾಗಿಯೇ ಬರುವಂತೆ ಮಾಡಿದಳು. ಮೂಲೆಯಲ್ಲಿ ಎರಡು ಹನ್ನೊಂದು ಎಂದು ಮೂಡಿತು. ಪಾಠದ ಗುರುತು ಒತ್ತಿದಳು. ಚಕ್ರ ಸುತ್ತಿತು, ಸುತ್ತಿತು. ಕಪ್ಪು ಹಲಗೆಯೊಂದು ಕಂಡಿತು, ಅದರ ಮುಂದೆ ಸೀಮೆಸುಣ್ಣ ಹಿಡಿದ ಸಂಘದ ಉಮಾದೇವಿ ಟೀಚರ್. ಲುಂಬಿನಿ ಕೆಳಗಿನ ಖಾನೆಯಲ್ಲಿ ತನ್ನ ಹೆಸರು ಬರೆದಳು.

"ವಾಡಿಯಿಂದ ಲುಂಬಿನಿ ಬಂದಾಳ," ಎಂದು ಟೀಚರ್ ಓದಿದರು. "ಬಾ ತಂಗಿ, ಕುಂದ್ರು."

ತಾಜುನ್ನಿಸಾ ಚಪ್ಪಾಳೆ ತಟ್ಟಿದಳು. ಲಾಲಮ್ಮ ಕೈ ಒರೆಸಿಕೊಂಡು ಬಂದು ನಿಂತಳು. ಲಾಲಪ್ಪನ ಕತ್ತು ನಿಧಾನಕ್ಕೆ ಗೋಡೆಯಿಂದ ಈಚೆಗೆ ಬಂತು.

ಭಿನ್ನರಾಶಿಯ ಪಾಠ. ಅರ್ಧಕ್ಕೆ ಮೂರನೆಯ ಒಂದು ಪಾಲು ಕೂಡಿಸುವುದು. ಟೀಚರ್ ಸರಸರ ಬರೆದು ತಿರುಗಿದರು. "ತಿಳೀತಾ?"

ಕೆಳಗೆ ಸಾಲುಸಾಲಾಗಿ ಬಂದವು: ಹೌದು ಮಿಸ್. ಹೌದು ಮಿಸ್. ಲುಂಬಿನಿಯೂ 'ಹೌದು' ಎಂದು ಬರೆದಳು. ಕಳಿಸುವ ಮೊದಲು ಕೈ ತಡೆಯಿತು. ತಿಳಿದಿರಲಿಲ್ಲ. ಶಾಲೆಯಲ್ಲಿ ಹಿಂದಿನ ಬೆಂಚಿನಲ್ಲಿ ಕುಳಿತು, ತಿಳಿಯದ್ದಕ್ಕೆಲ್ಲ ತಲೆಯಾಡಿಸಿಯೇ ಏಳು ವರ್ಷ ಕಳೆದಿದ್ದಳು. ಇವತ್ತು ಅಪ್ಪನಿಗೆ ಎದುರಾಡಿ ಕುಳಿತದ್ದು ಮತ್ತೆ ತಲೆಯಾಡಿಸಲಿಕ್ಕಲ್ಲ.

ಬರೆದದ್ದನ್ನು ಅಳಿಸಿದಳು. ಒಂದೊಂದೇ ಅಕ್ಷರ ಒತ್ತಿದಳು: 'ಇಲ್ಲ ಮಿಸ್. ಇನ್ನೊಮ್ಮೆ ಹೇಳ್ರಿ.' ಕಣ್ಣು ಮುಚ್ಚಿ ಕಳಿಸಿದಳು.

ಕಣ್ಣು ತೆರೆದಾಗ ಅವಳ ಮಾತಿನ ಕೆಳಗೆ ಬೇರೆಯವರದು ಬರತೊಡಗಿತ್ತು. ಕುಂಚಾವರಂನ ಒಬ್ಬಳು: ನನಗೂ ಮಿಸ್. ಕಾಳಗಿಯ ಒಬ್ಬಳು: ನನಗೂ. ಮತ್ತೊಬ್ಬಳು, ಮಗದೊಬ್ಬಳು.

ಉಮಾದೇವಿ ಟೀಚರ್ ನಕ್ಕು ಹಲಗೆ ಒರೆಸಿದರು. "ಮೊದಲೇ ಹೇಳಬಾರದೇನ್ರವಾ? ಬರ್ರಿ, ಒಂದು ರೊಟ್ಟಿಯಿಂದ ಶುರು ಮಾಡೋಣ."

ಲುಂಬಿನಿ ನೋಟ್‌ಬುಕ್ಕನ್ನು ಹತ್ತಿರ ಎಳೆದುಕೊಂಡು ರೊಟ್ಟಿಯೊಂದನ್ನು ದುಂಡಗೆ ಬರೆದಳು.