ಬಾಯಲ್ಲಿ ಕಚ್ಚಿದ ಬೆತ್ತ

ಅಳಿಯನ ಮನೆಯ ಬಚ್ಚಲಿಗೆ ಕಾಲಿಟ್ಟ ಕೂಡಲೇ ಲಾಂಡ್ರಿಯವರು ಎರಡು ಹೆಜ್ಜೆ ಹಿಂದೆ ಸರಿದರು. ಸ್ನಾನದ ತೊಟ್ಟಿಯಲ್ಲಿ ಬೆತ್ತದ ಎಳೆಗಳು ಸುರುಳಿ ಸುತ್ತಿಕೊಂಡು ನೆನೆಯುತ್ತಿದ್ದವು. ನೀರು ಚಹಾದ ಬಣ್ಣಕ್ಕೆ ತಿರುಗಿತ್ತು, ಮೇಲೆ ಲೋಳೆ ಕಟ್ಟಿತ್ತು, ಆ ಲೋಳೆಯ ಮೇಲೆ ಯಾರದೋ ಕೂದಲು ಬೇರೆ. ಇದರ ಪಕ್ಕದಲ್ಲೇ ನಿಂತು ತಮ್ಮ ಮಗಳು ದಿನಾ ಹಲ್ಲುಜ್ಜುತ್ತಾಳಲ್ಲ ಅಂತ ನೆನೆಸಿಕೊಂಡರೆ ಅವರಿಗೆ ವಾಕರಿಕೆ ಬರುತ್ತಿತ್ತು.

ಲಾಂಡ್ರಿ ಅಂಗಡಿ ಇಟ್ಟುಕೊಂಡು ಜೀವಮಾನವೆಲ್ಲ ಕಂಡವರ ಬಟ್ಟೆಯ ಕೊಳೆ ತೆಗೆದವರು ಅವರು. ಅಂಗಿಯ ಕಾಲರ್ ಮೂಸಿಯೇ ಆಸಾಮಿ ಎಂಥವನು ಅಂತ ಹೇಳಬಲ್ಲವರು. ಅಂಥವರಿಗೆ ಗಂಟುಬಿದ್ದದ್ದು ಈ ಅಳಿಯ. ಹೆಸರಿಗೆ ಕಾಲೇಜು ಮೇಷ್ಟ್ರು. ಉಗುರಲ್ಲಿ ಅಂಟು, ಗಡ್ಡದಲ್ಲಿ ಮರದ ಹೊಟ್ಟು, ವಾರವೆಲ್ಲ ಒಂದೇ ಬನಿಯನ್ನು. ರಜೆಯಲ್ಲಿ ಪುಸ್ತಕ ನೋಡಿಕೊಂಡು ಹಿತ್ತಲಿನ ಶೆಡ್ಡಿನಲ್ಲಿ ಒಂದು ಪುಟ್ಟ ದೋಣಿ ಕಟ್ಟಿದ್ದ. ಗಂಡ ಹೆಂಡತಿ ಹುಟ್ಟು ಹಾಕಿಕೊಂಡು ಕೆರೆ ಸುತ್ತೋಕಂತೆ.

ಹೋದ ಸಲ ಬಂದಾಗ ಲಾಂಡ್ರಿಯವರು ತಡೆಯಲಾರದೆ, ನೆಂಟರೆದುರಿಗೇ, ನನ್ನ ಮಗಳನ್ನ ಹಂದಿಗೂಡಲ್ಲಿ ಇಟ್ಟಿದ್ದೀರಲ್ಲ ಅಂದುಬಿಟ್ಟಿದ್ದರು. ಅಲ್ಲಿಂದ ಮಗಳ ಫೋನ್ ಬಂದ್. ಅವರೇ ಮಾಡಿದರೂ ಎತ್ತುತ್ತಿರಲಿಲ್ಲ. ಕೊನೆಗೊಮ್ಮೆ ಎತ್ತಿ ಮೆತ್ತಗೆ ಹೇಳಿದಳು.

"ದೋಣಿಗೆ ಎರಡು ಬೆತ್ತದ ಸೀಟು ಹೆಣೀಬೇಕಪ್ಪ. ನಾನು ಕೂರೋದನ್ನ ನೀವು ಹೆಣೀರಿ. ಅವರ ಹತ್ರಾನೇ ಕಲೀಬೇಕು. ಆಗಲ್ಲ ಅಂದ್ರೆ ಇನ್ನು ಈ ಕಡೆ ಬರಬೇಡಿ."

ಇರೋಳು ಒಬ್ಬಳೇ ಮಗಳು. ಮೂಗು ಮುಚ್ಚಿಕೊಂಡು ಬಂದಿದ್ದರು.

ಶೆಡ್ಡಿನ ತುಂಬಾ ವಾರ್ನಿಷ್ ಘಾಟು. ಅಳಿಯ ನೆಲದ ಮೇಲೆ ಕೂತು, ಸೀಟಿನ ಚೌಕಟ್ಟನ್ನು ತೊಡೆ ಮೇಲಿಟ್ಟುಕೊಂಡು, ಈ ಅಂಚಿನ ತೂತಿನಿಂದ ಎದುರಿನ ತೂತಿಗೆ ಬೆತ್ತ ಪೋಣಿಸೋದನ್ನು ತೋರಿಸಿಕೊಟ್ಟ. ಮೊದಲು ಉದ್ದಕ್ಕೆ, ಆಮೇಲೆ ಅಡ್ಡಕ್ಕೆ, ಕೊನೆಗೆ ಓರೆಯಾಗಿ. ಅಲ್ಲಿಯವರೆಗೆ ಹೇಗೋ ಸಹಿಸಿಕೊಂಡರು. ಆದರೆ ಮುಂದಿನ ಎಳೆ ಒಣಗಬಾರದು ಅಂತ ಆ ಮಹಾನುಭಾವ ಅದನ್ನು ಬಾಯಲ್ಲಿ ಕಚ್ಚಿಕೊಳ್ಳುತ್ತಿದ್ದ. ಆ ಬಚ್ಚಲ ತೊಟ್ಟಿಯ ಎಳೆಯನ್ನು. ಎರಡೂ ಕೈಗೆ ಕೆಲಸ ಇರುತ್ತಲ್ಲ ಮಾವ, ಅಂತ ಸಮಜಾಯಿಷಿ ಬೇರೆ. ಆಮೇಲೆ ಜೊಲ್ಲು ಜಿನುಗುವ ಅದೇ ಎಳೆಯನ್ನು ಇವರ ಮೂಗಿನ ಮುಂದೆ ಹಿಡಿದ. ಲಾಂಡ್ರಿಯವರು ಕರವಸ್ತ್ರದಲ್ಲಿ ಈಸಿಕೊಂಡರು, ಒರೆಸಿದರು, ಮತ್ತೆ ಒರೆಸಿದರು. ಅಳಿಯ ನಕ್ಕ. ಮಗಳು ನಗಲಿಲ್ಲ.

ಸಡಿಲ ಬಿಡಿ ಮಾವ, ಒಣಗಿದಾಗ ತಾನೇ ಬಿಗಿಯುತ್ತೆ ಅಂತ ಅಳಿಯ ಬಡಕೊಂಡ. ಇವರ ಕಿವಿಗೆ ಹೋದರೆ ತಾನೆ? ಒದ್ದೆ ಬಟ್ಟೆಯನ್ನು ಜಗ್ಗಿ ಎಳೆದು ಹರವಿದರೇ ಸುಕ್ಕಿಲ್ಲದೆ ಒಣಗೋದು. ಇದು ಅವರ ಕೈಗೆ ಹತ್ತಿದ ವಿದ್ಯೆ. ಜೋಲು ಬಿದ್ದ ಹೆಣಿಗೆ ಕಂಡರೇ ಅವರಿಗೆ ಅಸಹ್ಯ. ಹಲ್ಲು ಕಚ್ಚಿ ಎಳೆದರು. ಹೆಣೆದು ಮುಗಿಸಿದಾಗ ಅವರ ಸೀಟು ಇಸ್ತ್ರಿ ಹಾಕಿದಷ್ಟು ಚೊಕ್ಕವಾಗಿತ್ತು, ಅಳಿಯನದು ಹಳೇ ಮಂಚದ ಹಾಗೆ ಜೋತಿತ್ತು. ಯಾರ ಕೆಲಸ ಹೇಗಿದೆ ಅಂತ ಮಗಳೇ ನೋಡಿಕೊಳ್ಳಲಿ ಅಂತ ಬೀಗುತ್ತಾ ಮನೆಗೆ ಹೋದರು.

ಮುಂದಿನ ಭಾನುವಾರ ಬಂದಾಗ ಮಗಳು ನೇರ ಶೆಡ್ಡಿಗೆ ಕರೆದುಕೊಂಡು ಹೋದಳು. ಅಳಿಯನ ಸೀಟು ಒಣಗಿ ಬಿಗಿಯಾಗಿ ಕೂತಿತ್ತು. ಇವರದರ ನಡುವೆ ಎಳೆಗಳು ಹರಿದು ಮುಳ್ಳಿನಂತೆ ಎದ್ದು ನಿಂತಿದ್ದವು, ಚೌಕಟ್ಟಿನ ಒಂದು ಪಟ್ಟಿ ಒಳಕ್ಕೆ ಬಾಗಿತ್ತು. ಕೂತು ನೋಡಲು ಹೋದ ಮಗಳು ದೊಪ್ಪನೆ ಕುಸಿದು ತೊಡೆ ಗೀರಿಸಿಕೊಂಡಿದ್ದಳು. ಇದೇ ಕೆರೆಯ ನಡುವೆ ಆಗಿದ್ದರೆ? ಲಾಂಡ್ರಿಯವರು ಹರಿದ ಎಳೆಗಳನ್ನು ಬೆರಳಲ್ಲಿ ಮುಟ್ಟಿ ನೋಡಿದರು. ತಮ್ಮ ಕೈಯ ಕೆಲಸವೇ ಅವರಿಗೆ ಹೇಸಿಗೆಯಾಯಿತು.

"ಇನ್ನೊಂದು ಸಲ ಹೆಣೀತೀನಿ" ಅಂದರು.

"ಅವರು ಹೇಳಿದ ಹಾಗೆ?" ಅಂದಳು ಮಗಳು.

ಲಾಂಡ್ರಿಯವರು ಹರಿದದ್ದನ್ನೆಲ್ಲ ಕತ್ತರಿಸಿ ತೆಗೆದು ಕೂತರು. ಈ ಸಲ ಸಡಿಲ ಬಿಟ್ಟರು. ಒಂದೊಂದು ಎಳೆ ಜೋತಾಗಲೂ ಜಗ್ಗಲು ಹೋದ ಕೈಯನ್ನು ತಡೆದುಕೊಳ್ಳುತ್ತಿದ್ದರು. ಓರೆ ಹೆಣಿಗೆಗೆ ಬರುವಷ್ಟರಲ್ಲಿ ಎರಡೂ ಕೈ ಸಿಕ್ಕಿಕೊಂಡವು, ಒಂದು ಮೇಲೆ, ಒಂದು ಕೆಳಗೆ. ಬಿಟ್ಟರೆ ಎಲ್ಲಾ ಜಾರಿಹೋಗುತ್ತೆ. ಮುಂದಿನ ಎಳೆ ಅಳಿಯನ ಬಾಯಲ್ಲಿತ್ತು. ಅವನು ಅದನ್ನು ತೆಗೆದು, ಮಾವನ ಮುಖ ನೋಡಿ, ತನ್ನ ಬನಿಯನ್ನಿಗೆ ಒರೆಸಲು ಹೋದ. ಆ ಬನಿಯನ್ನು ಕಂಡ ಲಾಂಡ್ರಿಯವರಿಗೆ ಜೊಲ್ಲೇ ವಾಸಿ ಅನ್ನಿಸಿತು.

"ಒರೆಸಬೇಡಿ, ಒಣಗುತ್ತೆ" ಅಂದು ಬಾಯಿ ತೆರೆದರು.

ಅಳಿಯ ಎಳೆಯನ್ನು ಅವರ ಹಲ್ಲಿನ ನಡುವೆ ಇಟ್ಟ. ತೊಟ್ಟಿಯ ಲೋಳೆ, ತಂಗಳು ಚಹಾ, ಸಿಗರೇಟು, ಎಲ್ಲಾ ನಾಲಿಗೆಗೆ ಬೇರೆಬೇರೆಯಾಗಿ ತಿಳಿಯಿತು. ಬಟ್ಟೆಯ ಕಲೆ ಗುರುತು ಹಿಡಿಯೋ ಕಸುಬು ನೋಡಿ, ತಪ್ಪಿಸಿಕೊಳ್ಳೋ ಹಾಗಿಲ್ಲ. ಹೊಟ್ಟೆಯೊಳಗಿನದೆಲ್ಲ ಗಂಟಲಿಗೆ ಬಂತು. ಉಗಿಯೋಣ ಅಂದರೆ ಎಳೆ ಬೀಳುತ್ತೆ, ಬಯ್ಯೋಣ ಅಂದರೂ ಬೀಳುತ್ತೆ. ಕಣ್ಣಲ್ಲಿ ನೀರು ತುಂಬಿಕೊಂಡು ಕಚ್ಚಿ ಹಿಡಿದರು.

ಬಾಗಿಲಿಗೊರಗಿ ನೋಡುತ್ತಿದ್ದ ಮಗಳು ಹತ್ತಿರ ಬಂದು, ಅವರ ಗಲ್ಲಕ್ಕಿಳಿದ ಜೊಲ್ಲನ್ನು ಬರಿಗೈಯಲ್ಲೇ ಒರೆಸಿದಳು.

"ಮುಂದಿನ ಭಾನುವಾರ ನೀರಿಗಿಳಿಸ್ತೀವಿ. ಬರ್ತೀರಲ್ಲಪ್ಪ?"

ಲಾಂಡ್ರಿಯವರು ಬಾಯಿ ಬಿಡದೆ ತಲೆಯಾಡಿಸಿದರು.